ಕಡತಪ್ಪನ ನಾಲ್ಕು ಬೆರಳು

ಮನುಷ್ಯ ಒಂದು ಕುರ್ಚಿಯ ಮೇಲೆ ಕೂರಲು ಎಷ್ಟು ಬೆರಳು ಬೇಕು? ಶರೀರಶಾಸ್ತ್ರ ಬಲ್ಲವರನ್ನು ಕೇಳಿದರೆ ಒಂದೂ ಬೇಡ ಎನ್ನುತ್ತಾರೆ. ಆ ಕೆಲಸಕ್ಕೆ ಬೇರೆ ಅಂಗವಿದೆ. ಆದರೆ ಕಡತಪ್ಪನಿಗೆ ನಾಲ್ಕು ಬೇಕಾದವು. ಅದು ಹೇಗೆಂಬುದನ್ನು ಯಾರ ಮಾನಕ್ಕೂ ಧಕ್ಕೆ ಬಾರದಂತೆ ಹೇಳಬೇಕೆಂದಿದ್ದೆ. ಅದು ಸಾಧ್ಯವಾಗಲಿಲ್ಲ, ಆದ್ದರಿಂದ ಇದ್ದದ್ದನ್ನು ಇದ್ದ ಹಾಗೇ ಹೇಳುತ್ತೇನೆ.

ಕಡತಪ್ಪ ಎಂಬುದು ತಂದೆತಾಯಿ ಇಟ್ಟ ಹೆಸರಲ್ಲ. ಅವರು ಇಟ್ಟ ಹೆಸರು ಸಂಬಳದ ಚೀಟಿಯಲ್ಲಿ ಮಾತ್ರ ಉಳಿದಿತ್ತು. ಇಪ್ಪತ್ತೆರಡು ವರ್ಷದಿಂದ ಕಚೇರಿಯ ನೆಲಮಾಳಿಗೆಯಲ್ಲಿ, ದಾಖಲೆ ಕೋಣೆಯ ಕಬ್ಬಿಣದ ಕಪಾಟುಗಳ ನಡುವೆ ಕೂತು ಕೂತು ಅವನು ಕಡತಪ್ಪನಾಗಿದ್ದ. ಆ ಕೋಣೆಗೆ ಕಿಟಕಿ ಇರಲಿಲ್ಲ. ಗೋಡೆಯ ಮೇಲ್ತುದಿಯಲ್ಲಿ ಅಂಗೈಯಗಲದ ಒಂದು ಗಾಳಿಕಿಂಡಿ ಇತ್ತು. ಅದರಲ್ಲಿ ದಾರಿಹೋಕರ ಚಪ್ಪಲಿಗಳು ಮಾತ್ರ ಕಾಣುತ್ತಿದ್ದವು. ಊರಿನ ಅರ್ಧ ಜನರನ್ನು ಅವನು ಹಿಮ್ಮಡಿಯಿಂದಲೇ ಗುರುತು ಹಿಡಿಯುತ್ತಿದ್ದ, ಮುಖ ನೋಡಿದರೆ ಯಾರೆಂದು ತಿಳಿಯುತ್ತಿರಲಿಲ್ಲ.

ಇಂಥವನ ಬದುಕಿನಲ್ಲಿ ಒಂದು ಆಸೆ ಹುಟ್ಟಿತು. ಎರಡನೇ ಮಹಡಿಯಲ್ಲಿ ಕಿಟಕಿ ಪಕ್ಕ ಕೂರುತ್ತಿದ್ದ ಹಿರಿಯ ಗುಮಾಸ್ತರು ನಿವೃತ್ತರಾಗಿ ಅವರ ಕುರ್ಚಿ ಖಾಲಿ ಬಿತ್ತು. ಆ ಕಿಟಕಿಯಿಂದ ಬೀದಿಯ ತಿರುವು, ಬಸ್ ನಿಲ್ದಾಣ, ಒಂದು ಮರ, ದರ್ಜಿ ಅಂಗಡಿ ಎಲ್ಲ ಕಾಣುತ್ತಿದ್ದವು. ಬೆಳಿಗ್ಗೆ ಹತ್ತರಿಂದ ಹನ್ನೆರಡರವರೆಗೆ ಮೇಜಿನ ಮೇಲೆ ಬಿಸಿಲು ಬೀಳುತ್ತಿತ್ತು. ಕಡತಪ್ಪ ಒಮ್ಮೆ ಸಹಿ ಹಾಕಿಸಲು ಹೋದವನು ಆ ಬಿಸಿಲಲ್ಲಿ ಎರಡು ನಿಮಿಷ ಕೈ ಇಟ್ಟುಕೊಂಡು ನಿಂತ. ಕೆಳಗಿಳಿದು ಬಂದ ಮೇಲೆ ಅವನಿಗೆ ಅಳು ಬಂದಂತಾಯಿತು.

ಆ ಕುರ್ಚಿಯ ಮೇಲೆ ಇನ್ನೊಬ್ಬನ ಕಣ್ಣೂ ಇತ್ತು. ಅವನು ಟಪಾಲು ವಿಭಾಗದ ಗುಮಾಸ್ತ. ಎಲ್ಲರೂ ಅವನನ್ನು ಟಪಾಲು ಎಂದೇ ಕರೆಯುತ್ತಿದ್ದರು, ಯಾಕೆಂದರೆ ಯಾವ ಮಾತು ಅವನ ಕಿವಿಗೆ ಬಿದ್ದರೂ ಅದೇ ದಿನ ಎಲ್ಲ ಮನೆಗಳಿಗೂ ಬಟವಾಡೆಯಾಗುತ್ತಿತ್ತು. ಮುಖ್ಯಾಧಿಕಾರಿ ಮೇಡಂ ಇಬ್ಬರನ್ನೂ ಕರೆದು, "ಹಳೇ ದಾಖಲೆ ಎಲ್ಲ ಕಂಪ್ಯೂಟರ್‌ಗೆ ಹೋಗ್ಬೇಕು. ಒಬ್ಬೊಬ್ರಿಗೆ ಒಂದೊಂದು ಲ್ಯಾಪ್‌ಟಾಪ್ ಕೊಡ್ತೀನಿ. ತಿಂಗಳ ಕೊನೇಲಿ ಯಾರು ಚೆನ್ನಾಗಿ ಕಲ್ತಿರ್ತೀರೋ ಅವರಿಗೆ ಕಿಟಕಿ," ಎಂದರು.

ಕಡತಪ್ಪನ ಲ್ಯಾಪ್‌ಟಾಪ್ ಬಂತು. ಕಳುವಾಗಬಾರದೆಂದು ಅದನ್ನು ಸರಪಳಿ ಹಾಕಿ ಮೇಜಿಗೆ ಬಿಗಿದರು. ಎಲ್ಲ ಸರಿ, ಆದರೆ ಕೀಲಿಗಳ ಕೆಳಗೆ ಟಚ್‌ಪ್ಯಾಡ್ ಎಂಬ ನುಣುಪಾದ ಚೌಕವೊಂದಿತ್ತಲ್ಲ, ಅದು ಅವನ ಬೆರಳನ್ನು ಗುರುತಿಸಲೇ ಇಲ್ಲ. ಇಪ್ಪತ್ತೆರಡು ವರ್ಷ ಹಾಳೆ ತಿರುವಿ ಬೆರಳ ತುದಿ ಒಣಗಿ ಸವೆದುಹೋಗಿತ್ತು. ಅವನು ಉಜ್ಜುತ್ತಿದ್ದ, ಪರದೆಯ ಮೇಲಿನ ಬಾಣ ನಿಂತಲ್ಲೇ ನಿಂತಿರುತ್ತಿತ್ತು. ಮೇಲಿನಿಂದ ನೀರು ತುಂಬಿಕೊಳ್ಳಲು ಬಂದ ಟಪಾಲು ಅದನ್ನು ನೋಡಿ, "ಕಡತಪ್ಪನವರೇ, ಅದು ನಿಮ್ಮನ್ನ ಸತ್ತೋರ ಲೆಕ್ಕಕ್ಕೆ ಹಾಕ್ಬಿಟ್ಟಿದೆ," ಎಂದು ನಕ್ಕು ಹೋದ.

ಆ ಮಾತು ಕಡತಪ್ಪನಿಗೆ ನಾಟಿತು. ಬಾಣವನ್ನು ಬಿಟ್ಟು ಕೀಲಿಗಳನ್ನೇ ಕುಟ್ಟಿ ಅವನು ಮೂರು ದಿನ ಇಂಟರ್ನೆಟ್‌ನಲ್ಲಿ ಹುಡುಕಿದ. ಬೆರಳು ಹೇಳುವುದನ್ನು ಕಂಪ್ಯೂಟರ್‌ಗೆ ತಿಳಿಸುವ ದುಭಾಷಿಯೊಂದು ಒಳಗಿರುತ್ತದೆ, ಅದಕ್ಕೆ ಡ್ರೈವರ್ ಎನ್ನುತ್ತಾರೆ, ದುಭಾಷಿ ದಡ್ಡನಾದರೆ ಬೇರೆಯವನನ್ನು ತಂದಿಟ್ಟುಕೊಳ್ಳಬಹುದು ಎಂದು ತಿಳಿಯಿತು. ಯಾವ ದೇಶದ ಯಾವ ಪುಣ್ಯಾತ್ಮನೋ ಸಾವಿರಾರು ಸಾಲು ಬರೆದು ಒಂದು ಡ್ರೈವರ್ ಮಾಡಿ, ಬೇಕಾದವರು ತಗೊಳ್ಳಿ, ತಿದ್ದಿಕೊಳ್ಳಿ ಎಂದು ಇಂಟರ್ನೆಟ್‌ನಲ್ಲಿ ಬಿಟ್ಟಿದ್ದ. ಕಡತಪ್ಪ ಅದನ್ನು ಇಳಿಸಿಕೊಂಡು ನಾಲ್ಕು ಸಾಲು ತಿದ್ದಿದ. ಮೊದಲನೆಯದು ಸೂಕ್ಷ್ಮತೆ: ಮೂರು ಎಂದಿದ್ದದ್ದನ್ನು ಹತ್ತು ಮಾಡಿದ. ಬಾಣ ಬಾಲ ಸುಟ್ಟ ಬೆಕ್ಕಿನಂತೆ ಓಡತೊಡಗಿತು. ಉಳಿದ ಮೂರು ಹೊಸ ಸನ್ನೆಗಳು. ಮೂರು ಬೆರಳು ಎಡಕ್ಕೆ ಸರಿಸಿದರೆ ಹಿಂದೆ ತೆರೆದಿದ್ದ ಕಾಗದ ಬರಬೇಕು. ಒಂದು ಬೆರಳಲ್ಲಿ ಸೊನ್ನೆ ಸುತ್ತಿದರೆ ಪ್ರಿಂಟ್ ಆಗಬೇಕು. ನಾಲ್ಕು ಬೆರಳು ಒಟ್ಟಿಗೆ ತಟ್ಟಿದರೆ ಎದುರಿಗಿರುವ ಕಾಗದವನ್ನು ಲ್ಯಾಪ್‌ಟಾಪೇ ಗಟ್ಟಿಯಾಗಿ ಓದಬೇಕು.

ಬೆಳಿಗ್ಗೆ ಹತ್ತಕ್ಕೆ ಅವನು ತನ್ನಷ್ಟಕ್ಕೆ, "ಡ್ರೈವರ್ ಹಾಕಿಕೊಂಡೆ," ಎಂದುಕೊಂಡ. ಹನ್ನೊಂದಕ್ಕೆ ಅದು "ಡ್ರೈವರ್ ಸುಧಾರಿಸಿದೆ" ಎಂದಾಯಿತು. ಊಟದ ಹೊತ್ತಿಗೆ "ನಾನು ಬರೆದ ಡ್ರೈವರ್" ಆಗಿಹೋಗಿತ್ತು. ಸಾವಿರಾರು ಸಾಲು ಬರೆದ ಪುಣ್ಯಾತ್ಮನ ನೆನಪು ಊಟದ ಡಬ್ಬಿ ತೊಳೆಯುವಾಗ ಒಮ್ಮೆ ಬಂತಂತೆ. ಡಬ್ಬಿ ತೊಳೆದಾದ ಮೇಲೆ ಅದೂ ಹೋಯಿತು.

ಒಂದು ತೊಂದರೆ ಮಾತ್ರ ಉಳಿದಿತ್ತು. ಹಾಳೆ ತಿರುವುವ ಮೊದಲು ಬೆರಳನ್ನು ನಾಲಿಗೆಗೆ ಮುಟ್ಟಿಸಿ ಒದ್ದೆ ಮಾಡಿಕೊಳ್ಳುವುದು ಅವನ ಕೈಗೆ ಅಂಟಿದ ಅಭ್ಯಾಸ. ಬಾಗಿಲು ತೆಗೆಯುವ ಮೊದಲೂ, ಬಿದ್ದವರನ್ನು ಎತ್ತುವ ಮೊದಲೂ ಅವನ ಬೆರಳು ಒಮ್ಮೆ ಬಾಯಿಗೆ ಹೋಗಿ ಬರುತ್ತಿತ್ತು. ಸೂಕ್ಷ್ಮತೆ ಹತ್ತಾದ ಮೇಲೆ ಟಚ್‌ಪ್ಯಾಡು ಒದ್ದೆ ಬೆರಳೊಂದನ್ನು ಮೂರೆಂದೋ ನಾಲ್ಕೆಂದೋ ಎಣಿಸುತ್ತಿತ್ತು. ಆದ್ದರಿಂದ ನಾಲಿಗೆಯ ಅಭ್ಯಾಸ ಬಿಡಬೇಕು, ಬೆರಳಿಗೆ ಸನ್ನೆಗಳ ಅಭ್ಯಾಸ ಮಾಡಿಸಬೇಕು. ಲ್ಯಾಪ್‌ಟಾಪೋ ಮೇಜಿಗೆ ಕಟ್ಟಿದೆ. ಹಾಗಾಗಿ ಅವನು ಬಸ್ಸಿನ ಗಾಜಿನ ಮೇಲೆ, ಊಟದ ಮೇಜಿನ ಮೇಲೆ, ಸ್ನಾನದ ಮನೆಯ ಗೋಡೆಯ ಮೇಲೆ ಬರಿಗೈಯಲ್ಲೇ ಅಭ್ಯಾಸ ಮಾಡತೊಡಗಿದ. ಮನೆಯಲ್ಲಿ ಯಾರಿಗೂ ಹೇಳಲಿಲ್ಲ. ಅತ್ತೆ ಮತ್ತು ಟಪಾಲುವಿನ ಹೆಂಡತಿ ಒಂದೇ ಅಂಗಡಿಯಲ್ಲಿ ತರಕಾರಿ ಕೊಳ್ಳುತ್ತಿದ್ದರು.

ಮೊದಲು ಗಾಬರಿಯಾದವರು ಅತ್ತೆಯೇ. ಅಳಿಯ ತಟ್ಟೆಯ ಪಕ್ಕ ಮೂರು ಬೆರಳನ್ನು ಎಡಕ್ಕೆ ಸರಿಸಿದ, ಮತ್ತೆ ಸರಿಸಿದ, ಆಮೇಲೆ ಒಂದು ಬೆರಳಿನಿಂದ ಸೊನ್ನೆ ಸುತ್ತಿದ, ಕೊನೆಗೆ ನಾಲ್ಕು ಬೆರಳಿಂದ ಮೇಜನ್ನು ತಟ್ಟಿ, ಕಿವಿಗೊಟ್ಟು ಕೂತ. ಅತ್ತೆ ಮಗಳನ್ನು ಅಡುಗೆಮನೆಗೆ ಎಳೆದುಕೊಂಡು ಹೋದರು.

"ಅಳಿಯಂದ್ರ ಕೈ ನೋಡಿದ್ಯಾ?"

"ಎರಡು ವಾರದಿಂದ ನೋಡ್ತಾನೇ ಇದೀನಮ್ಮ. ಏನ್ರೀ ಅದು ಅಂದ್ರೆ, ಆಫೀಸಿನ ವಿಷಯ, ಈಗ ಕೇಳ್ಬೇಡ ಅಂತಾರೆ. ನಿನ್ನೆ ನನ್ನ ಬೆನ್ನ ಮೇಲೆ ಸೊನ್ನೆ ಸುತ್ತಿದ್ರು. ಏನೋ ಪ್ರೀತಿ ಬಂದಿದೆ ಅಂದ್ಕೊಂಡೆ. ಆಮೇಲೆ 'ಪ್ರಿಂಟ್ ಆಗ್ಲಿಲ್ವಲ್ಲ' ಅಂದ್ರು."

"ನರ ಹೋಗಿದೆ," ಎಂದರು ಅತ್ತೆ. "ನನ್ನ ಸೋದರಮಾವನಿಗೂ ಹೀಗೇ ಬೆರಳಿಂದ ಶುರುವಾಗಿದ್ದು. ಆದ್ರೆ ಅವರ ಮುಂದೆ ಉಸಿರೆತ್ತಬೇಡ. ಕಾಯಿಲೆ ಹೆಸರು ಕಾಯಿಲೆಯವರ ಮುಂದೆ ಹೇಳಿದ್ರೆ ಅದಕ್ಕೆ ಇನ್ನೂ ಬಲ ಬರತ್ತೆ."

ಈ ನಂಬಿಕೆ ಅತ್ತೆಯೊಬ್ಬರದೇ ಆಗಿದ್ದರೆ ನಮ್ಮ ಕಥೆ ಇಲ್ಲಿಗೇ ಮುಗಿಯುತ್ತಿತ್ತು. ಆದರೆ ಆ ಬೀದಿಯ ಜನರೆಲ್ಲ ಬಹಳ ಮರ್ಯಾದಸ್ಥರು. ರೋಗದ ಬಗ್ಗೆ ಊರೆಲ್ಲ ಮಾತಾಡುತ್ತಾರೆ, ರೋಗಿಯ ಹತ್ತಿರ ಮಾತ್ರ ಬಾಯಿಬಿಡುವುದಿಲ್ಲ.

ಮರುದಿನ ಸಂಜೆ ಎದುರುಮನೆಯ ಔಷಧಿ ಅಂಗಡಿಯವರು ಹಣ್ಣಿನ ಚೀಲ ಹಿಡಿದು ಬಂದರು. ಮೂವತ್ತು ವರ್ಷ ಮಾತ್ರೆ ಮಾರಿದ ಅನುಭವದಿಂದ ತಾವು ಮುಕ್ಕಾಲು ವೈದ್ಯರೆಂದು ಅವರ ಎಣಿಕೆ. ಅವರು ಕಡತಪ್ಪನ ಪಕ್ಕ ಕೂತು, ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, "ಬೆರಳಿನ ವಿಷಯ ಕೇಳ್ಪಟ್ಟೆ," ಎಂದರು.

ಕಡತಪ್ಪನ ಎದೆ ಧಸಕ್ಕೆಂದಿತು. ಗುಟ್ಟು ಹೊರಗೆ ಬಿದ್ದಿದೆ! ಆದರೆ ಹಣ್ಣಿನ ಚೀಲ ನೋಡಿದ ಮೇಲೆ ಅವನಿಗೆ ಹೆಮ್ಮೆಯೂ ಆಯಿತು. ಸಾಧನೆಯನ್ನು ಎಷ್ಟು ದಿನ ಮುಚ್ಚಿಡಲು ಆಗುತ್ತದೆ?

"ಕೇಳಿಬಿಟ್ರಾ? ಇರಲಿ ಬಿಡಿ, ನೀವೇನು ಹೊರಗಿನೋರಾ."

"ಯಾವಾಗಿಂದ?"

"ಮೂರು ವಾರ ಆಯ್ತು. ಮೊದಲು ಒಂದೇ ಬೆರಳಲ್ಲಿತ್ತು. ಆಮೇಲೆ ಮೂರಕ್ಕೆ ಬಂತು. ಈಗ ನಾಲ್ಕೂ ಕೆಲಸ ಮಾಡ್ತಿವೆ."

ಔಷಧಿ ಅಂಗಡಿಯವರು ತಮ್ಮ ಕೈಯನ್ನು ಸ್ವಲ್ಪ ಹಿಂದಕ್ಕೆಳೆದುಕೊಂಡರು. "ಅಷ್ಟು ಬೇಗ ಹರಡ್ತಾ?"

"ಹರಡಲೇಬೇಕಲ್ಲ. ನನ್ನಲ್ಲೇ ಇಟ್ಕೊಂಡು ಏನು ಪ್ರಯೋಜನ? ಮೊದಲು ಆಫೀಸಿನಲ್ಲಿ ಎಲ್ಲರಿಗೂ ಕೊಡ್ತೀನಿ. ಆಮೇಲೆ ಬೇಕಾದ್ರೆ ನಿಮಗೂ."

"ನನಗೆ ಬೇಡಪ್ಪ!" ಎಂದು ಅವರು ಎದ್ದೇಬಿಟ್ಟರು. ಮತ್ತೆ ಸಾವರಿಸಿಕೊಂಡು, "ಅಲ್ಲ, ನನಗ್ಯಾಕೆ ಈ ವಯಸ್ಸಲ್ಲಿ. ಯಾರಾದ್ರೂ ತಿಳಿದೋರಿಗೆ ತೋರಿಸಿದ್ರಾ?"

"ಇಲ್ಲ. ತಿಂಗಳ ಕೊನೇಲಿ ಮೇಡಂ ಎದುರೇ ತೋರಿಸೋದು. ಅಲ್ಲೀವರೆಗೂ ದಿನಾ ಬೆಳಿಗ್ಗೆ ಸಂಜೆ ಬೆಳೆಸ್ತಾ ಇದೀನಿ."

"ಬೆಳೆಸ್ತಾ ಇದೀರಾ!" ಎಂದ ಔಷಧಿ ಅಂಗಡಿಯವರು ಚಪ್ಪಲಿ ಮೆಟ್ಟಿಕೊಳ್ಳುವುದನ್ನೂ ಮರೆತು ರಸ್ತೆ ದಾಟಿದರು. ಮನೆ ಸೇರಿ ಸೋಪು ಹಚ್ಚಿ ಮೂರು ಸಲ ಕೈ ತೊಳೆದರಂತೆ. ಕಡತಪ್ಪ ಒಂದು ಹಣ್ಣು ಬಿಡಿಸುತ್ತಾ ಹೆಂಡತಿಗೆ, "ತುಂಬ ಪ್ರಭಾವಿತರಾದ್ರು ಪಾಪ," ಎಂದ. ಹೆಂಡತಿ ಸೆರಗಿನಿಂದ ಕಣ್ಣೊರೆಸಿಕೊಂಡಳು.

ಎತ್ತು ಈಯಿತು ಎಂದರೆ ಕೊಟ್ಟಿಗೆಗೆ ಕಟ್ಟು ಎನ್ನುವ ಜನ. ಎರಡೇ ದಿನದಲ್ಲಿ ಸುದ್ದಿ ತರಕಾರಿ ಅಂಗಡಿಗೆ ಹೋಗಿ, ಅಲ್ಲಿಂದ ಟಪಾಲುವಿನ ಮನೆಗೆ ಹೋಗಿ, ಅಲ್ಲಿಂದ ಟಪಾಲುವಿನ ಜೊತೆ ಬಸ್ಸಿನಲ್ಲಿ ಕಚೇರಿಗೆ ಬಂತು. ಬರುವ ಹೊತ್ತಿಗೆ ಕಡತಪ್ಪನಿಗೆ ಮೊಣಕೈವರೆಗೂ ಸ್ಪರ್ಶವೇ ಇರಲಿಲ್ಲ. ಟಪಾಲು ಮೇಡಂ ಎದುರು ನಿಂತು, ಮುಖ ಬಾಡಿಸಿಕೊಂಡು, "ಹೇಳಬಾರದು ಮೇಡಂ, ಆದ್ರೂ ಹೇಳ್ತೀನಿ. ಅಂಥ ಕೈಯಲ್ಲಿ ಪಾಪ ಅವರು ಲ್ಯಾಪ್‌ಟಾಪ್ ಹೇಗೆ ಹಿಡೀತಾರೆ? ಕಿಟಕಿ ಕುರ್ಚಿ ಜವಾಬ್ದಾರಿ ಬೇಕಿದ್ರೆ ನಾನೇ ಹೊರ್ತೀನಿ," ಎಂದ.

ಮೇಡಂ ಒಳ್ಳೆಯವರು, ಆದರೆ ನಿಯಮದ ಪುಸ್ತಕ ಅವರ ಮೇಜಿನ ಮೇಲೇ ಇತ್ತು. ನೌಕರನ ಕೈ ಕೆಲಸ ಮಾಡದಿದ್ದರೆ ಮೂವರು ವೈದ್ಯರ ಸಮಿತಿ ಪರೀಕ್ಷಿಸಬೇಕು. ಕೆಲಸಕ್ಕೆ ಆಗದು ಎಂದು ಸಮಿತಿ ಬರೆದರೆ ಅಂಥವನನ್ನು ಮನೆಗೆ ಕಳಿಸಬೇಕು. ಇದು ಇಡೀ ಕಚೇರಿಗೆ ತಿಳಿಯಿತು. ತಿಳಿಯದೆ ಉಳಿದವನು ಕಡತಪ್ಪ ಒಬ್ಬನೇ. ಮೇಡಂ ಖುದ್ದಾಗಿ ನೆಲಮಾಳಿಗೆಗೆ ಇಳಿದು ಬಂದರು. ಕಡತಪ್ಪ ಅವರ ಚಪ್ಪಲಿಗಳನ್ನು ಮೊದಲು ಗುರುತಿಸಿದ, ಆಮೇಲೆ ಎದ್ದು ನಿಂತ.

"ಕೂತ್ಕೊಳ್ಳಿ, ಕೂತ್ಕೊಳ್ಳಿ, ಆಯಾಸ ಮಾಡ್ಕೋಬೇಡಿ," ಎಂದರು ಮೇಡಂ. "ನಿಮ್ಮ ಬೆರಳಿನ ವಿಷಯ ಗೊತ್ತಾಯ್ತು. ಶುಕ್ರವಾರ ಒಂದು ಸಮಿತಿ ಬರ್ತಿದೆ. ದೊಡ್ಡ ದೊಡ್ಡವರು. ನೀವು ಏನೂ ಮುಚ್ಚಿಡದೆ ಅವರಿಗೆ ಎಲ್ಲ ತೋರಿಸ್ಬೇಕು."

"ಸಮಿತಿನಾ? ನನಗೋಸ್ಕರ?"

"ನಿಮಗೋಸ್ಕರಾನೇ. ಧೈರ್ಯವಾಗಿರಿ." ಅವರ ದನಿ ಗದ್ಗದವಾಯಿತು.

ಮೇಡಂಗೆ ಇಷ್ಟೊಂದು ಭಾವಾವೇಶ ಬರುವಂಥದ್ದೇನು ತನ್ನ ಡ್ರೈವರ್‌ನಲ್ಲಿದೆ ಎಂದು ಕಡತಪ್ಪನಿಗೂ ಒಂದು ಕ್ಷಣ ಅನುಮಾನ ಬಂತು. ಆದರೆ ಹೊಗಳಿಕೆಯನ್ನು ಅನುಮಾನಿಸುವಷ್ಟು ಅನುಭವ ಅವನಿಗಿರಲಿಲ್ಲ. ಆವತ್ತೇ ಕೂತು ಕಿಟಕಿ ಕುರ್ಚಿಗಾಗಿ ಒಂದು ಅರ್ಜಿಯನ್ನು ಟೈಪ್ ಮಾಡಿದ. ಸಮಿತಿ ಒಪ್ಪಿದ ಕೂಡಲೇ ಮೇಡಂ ಕೈಗೆ ಕೊಡಬೇಕು, ತಡ ಮಾಡಿದರೆ ಟಪಾಲು ನುಗ್ಗುತ್ತಾನೆ. ಅರ್ಜಿಯಲ್ಲಿ ಮನಸ್ಸಿನಲ್ಲಿದ್ದದ್ದನ್ನೆಲ್ಲ ಬರೆದ. ತಿದ್ದಿ ಮೃದು ಮಾಡುವುದನ್ನು ಶುಕ್ರವಾರ ಬೆಳಿಗ್ಗೆಗೆ ಇಟ್ಟುಕೊಂಡ.

ಶುಕ್ರವಾರ ಬೆಳಿಗ್ಗೆ ಬಸ್ಸು ತಡವಾಯಿತು.

ಅವನು ಓಡಿಬರುವಷ್ಟರಲ್ಲಿ ಅವನ ಲ್ಯಾಪ್‌ಟಾಪನ್ನು ಸರಪಳಿ ಬಿಚ್ಚಿ ಎರಡನೇ ಮಹಡಿಗೆ ಒಯ್ದು, ಅದೇ ಕಿಟಕಿಯ ಪಕ್ಕದ ಮೇಜಿನ ಮೇಲೆ ಇಟ್ಟಿದ್ದರು. ಮೂವರು ಕುಳಿತಿದ್ದರು: ಬಿಳಿ ಮೀಸೆಯ ಹಿರಿಯರೊಬ್ಬರು, ಸಣ್ಣ ಸುತ್ತಿಗೆ ಹಿಡಿದ ಹೆಂಗಸೊಬ್ಬರು, ಮತ್ತು ಟಿಪ್ಪಣಿ ಬರೆದುಕೊಳ್ಳಲು ಬಂದಿದ್ದ ಕನ್ನಡಕದ ಯುವಕ. ಮೂವರೂ ವೈದ್ಯರು, ಆದರೆ ಮೇಡಂ ಮರ್ಯಾದೆಗೆ ಅಂಜಿ, "ಇವರೇ ಸಮಿತಿಯವರು," ಎಂದಷ್ಟೇ ಹೇಳಿದರು. ಟಪಾಲು ಬಾಗಿಲಿಗೆ ಒರಗಿ ನಿಂತಿದ್ದ. ಅವನು ಆಗಲೇ ಆ ಕುರ್ಚಿಗೆ ಒಂದು ದಿಂಬು ತಂದಿಟ್ಟಿದ್ದ.

ಕಡತಪ್ಪ ಸುತ್ತಿಗೆ ನೋಡಿ ಗಾಬರಿಯಾದ. "ದಯವಿಟ್ಟು ಲ್ಯಾಪ್‌ಟಾಪ್‌ಗೆ ಹೊಡೀಬೇಡಿ, ಅದು ಆಫೀಸಿನ ಸ್ವತ್ತು."

"ಅದಕ್ಕಲ್ಲ, ನಿಮಗೆ," ಎಂದು ಆಕೆ ಅವನ ಮೊಣಕಾಲಿಗೆ ತಟ್ಟಿದರು. ಕಾಲು ಚಿಮ್ಮಿತು. ಕಂಪ್ಯೂಟರ್ ವಿದ್ಯೆಯ ಪರೀಕ್ಷೆ ಇಷ್ಟು ಮುಂದುವರಿದಿರುವುದು ನೆಲಮಾಳಿಗೆಯಲ್ಲಿರುವವನಿಗೆ ಹೇಗೆ ಗೊತ್ತಾಗಬೇಕು ಎಂದುಕೊಂಡು ಕಡತಪ್ಪ ಇನ್ನೊಂದು ಕಾಲನ್ನೂ ಮುಂದೆ ಚಾಚಿದ.

"ಬೆರಳು ತೋರಿಸಿ," ಎಂದರು ಹಿರಿಯರು.

ಆ ಗಳಿಗೆಗಾಗಿ ಅವನು ಒಂದು ತಿಂಗಳು ಕಾದಿದ್ದ. ಬಿಸಿಲು ಮೇಜಿನ ಮೇಲೆ ಬಿದ್ದಿತ್ತು. ಹೊರಗೆ ಬಸ್ ನಿಲ್ದಾಣದಲ್ಲಿ ಜನ ಪೂರ್ತಿ ಜನರಾಗಿ, ತಲೆಯ ಸಮೇತ, ನಿಂತಿದ್ದರು. ಈ ಕುರ್ಚಿ ಕೈತಪ್ಪಿದರೆ ಇನ್ನುಳಿದ ಹನ್ನೊಂದು ವರ್ಷವೂ ಚಪ್ಪಲಿಗಳನ್ನೇ ನೋಡಬೇಕು. ಕಡತಪ್ಪನ ಬೆರಳು ಅವನಿಗೇ ತಿಳಿಯದಂತೆ ನಾಲಿಗೆಗೆ ಹೋಗಿ ಬಂತು.

ಅವನು ಮುಟ್ಟಿದ್ದು ಒಂದೇ ಬೆರಳಿನಿಂದ. ಟಚ್‌ಪ್ಯಾಡು ಮೂರು ಎಂದು ಎಣಿಸಿತು. ತೋರಿಸಬೇಕೆಂದಿದ್ದ ಹಳೆಯ ದಾಖಲೆ ಸರಿದುಹೋಗಿ ಅದರ ಹಿಂದಿದ್ದ ಅರ್ಜಿ ಮುಂದೆ ಬಂತು. ಅಯ್ಯೋ ಎಂದು ಮತ್ತೆ ಮುಟ್ಟಿದ. ಈ ಸಲ ಅದು ನಾಲ್ಕು ಎಂದು ಎಣಿಸಿತು. ಲ್ಯಾಪ್‌ಟಾಪಿನೊಳಗಿಂದ ಒಬ್ಬ ಹೆಂಗಸಿನ ಭಾವವಿಲ್ಲದ ದನಿ, ಒಂದು ಚಿಹ್ನೆಯನ್ನೂ ಬಿಡದೆ, ಓದತೊಡಗಿತು.

"ಮಾನ್ಯ ಮೇಡಂ ಅವರಿಗೆ ಅಲ್ಪವಿರಾಮ ನಾನು ಇಪ್ಪತ್ತೆರಡು ವರ್ಷದಿಂದ ಬಿಸಿಲು ಕಾಣದ ನೆಲಮಾಳಿಗೆಯಲ್ಲಿದ್ದೇನೆ ಪೂರ್ಣವಿರಾಮ ಮಳೆ ಬಂದದ್ದು ನನಗೆ ಮರುದಿನದ ಪತ್ರಿಕೆಯಿಂದ ತಿಳಿಯುತ್ತದೆ ಪೂರ್ಣವಿರಾಮ"

ಹಿರಿಯರು ಸುತ್ತಿಗೆಯವರ ಮುಖ ನೋಡಿದರು. ಸುತ್ತಿಗೆಯವರು ತಲೆಯಾಡಿಸಿದರು. ಕಡತಪ್ಪ ದನಿ ನಿಲ್ಲಿಸಲು ಹೆಣಗುತ್ತಿದ್ದ. ಬೆವರಿಗೆ ಹತ್ತೂ ಬೆರಳು ಒದ್ದೆಯಾಗಿದ್ದವು. ಮುಟ್ಟಿದಷ್ಟೂ ಅಕ್ಷರಗಳು ದೊಡ್ಡದಾದವು, ಚಿಕ್ಕದಾದವು, ಪರದೆ ತಲೆಕೆಳಗಾಯಿತು. ದನಿ ಮಾತ್ರ ನಿಲ್ಲಲಿಲ್ಲ.

"ಕಿಟಕಿ ಕುರ್ಚಿಯನ್ನು ಟಪಾಲು ವಿಭಾಗದವರಿಗೆ ಕೊಟ್ಟರೆ ಅವರು ಅಲ್ಲಿ ನಿದ್ದೆ ಮಾಡುತ್ತಾರೆ ಪೂರ್ಣವಿರಾಮ ಈಗ ಕಿಟಕಿ ಇಲ್ಲದ ಕಡೆಯೂ ಮಾಡುತ್ತಿದ್ದಾರೆ ಆಶ್ಚರ್ಯಸೂಚಕ ಚಿಹ್ನೆ"

"ಏನಂದೇ?" ಎಂದು ಟಪಾಲು ಲ್ಯಾಪ್‌ಟಾಪಿನ ಕಡೆಗೆ ನುಗ್ಗಿದ.

"ಮೇಡಂ ಅವರಿಗೆ ಇದು ತಿಳಿದಿಲ್ಲ ಅಲ್ಪವಿರಾಮ ಏಕೆಂದರೆ ಆ ಹೊತ್ತಿಗೆ ಮೇಡಂ ಅವರೂ"

ಕಡತಪ್ಪ ಎರಡೂ ಕೈಯಿಂದ ಟಚ್‌ಪ್ಯಾಡನ್ನು ಉಜ್ಜಿದ, ತಟ್ಟಿದ, ಸೊನ್ನೆಯ ಮೇಲೆ ಸೊನ್ನೆ ಸುತ್ತಿದ. ದನಿ ನಿಂತಿತು. ಅದರ ಬದಲು ಮೂಲೆಯ ಪ್ರಿಂಟರ್ ಗುಡುಗಿ, ಅದೇ ಅರ್ಜಿಯನ್ನು ಒಂದರ ಹಿಂದೊಂದು ಉಗುಳತೊಡಗಿತು. ಮೊದಲ ಹಾಳೆ ಜಾರಿಕೊಂಡು ಬಂದು ಮೇಡಂ ಕಾಲ ಬಳಿಯೇ ಬಿತ್ತು. ಮೇಡಂ ಬಗ್ಗಿ ಎತ್ತಿಕೊಂಡು, ಕೊನೆಯ ವಾಕ್ಯ ಓದಿ, ಅದನ್ನು ನಾಲ್ಕಾಗಿ ಮಡಿಸಿ ಕೈಚೀಲಕ್ಕೆ ಹಾಕಿಕೊಂಡರು. ಪ್ರಿಂಟರ್ ಹತ್ತಿರ ಹೋಗಿ ಉಳಿದವನ್ನೂ ತಾವೇ ಎತ್ತಿಕೊಂಡರು.

"ಸಾಕು, ಸಾಕು," ಎಂದು ಹಿರಿಯರು ಎದ್ದು ಕಡತಪ್ಪನ ಎರಡೂ ಕೈ ಹಿಡಿದುಕೊಂಡರು. "ಬಹಳ ಮುಂದುವರಿದಿದೆ. ಇಪ್ಪತ್ತೆರಡು ವರ್ಷ ಬಿಸಿಲಿಲ್ಲ ಅಂದ್ರೆ ಬೆರಳೇನು, ಆಳೇ ಉಳಿದಿರೋದು ಹೆಚ್ಚು. ಮನೆಗೆ ಕಳಿಸೋ ಅಗತ್ಯ ಇಲ್ಲ. ಇವರನ್ನ ಇವತ್ತಿಂದಾನೇ ಬಿಸಿಲು ಬೀಳೋ ಕಿಟಕಿ ಪಕ್ಕ ಕೂರಿಸಿ. ಕಂಪ್ಯೂಟರ್ ಮಾತ್ರ ಮುಟ್ಟಬಾರದು."

ರೋಗಿ ಬಯಸಿದ್ದೂ ಹಾಲು ಅನ್ನ, ವೈದ್ಯ ಹೇಳಿದ್ದೂ ಹಾಲು ಅನ್ನ. ಆದರೆ ನಮ್ಮ ರೋಗಿಗೆ ತಾನು ರೋಗಿ ಎಂಬುದೇ ಗೊತ್ತಿರಲಿಲ್ಲವಲ್ಲ. "ಕಂಪ್ಯೂಟರ್ ಯಾಕೆ ಮುಟ್ಟಬಾರದು? ಹಾಗಾದ್ರೆ ನನ್ನ ಡ್ರೈವರ್ ಒಪ್ಪಿಗೆ ಆಗ್ಲಿಲ್ವಾ ಸಾರ್?"

"ಸಾರ್ ಅಲ್ಲ, ಡಾಕ್ಟ್ರು," ಎಂದ ಟಪಾಲು ಸಿಟ್ಟಿನಿಂದ. ಸಿಟ್ಟು ಬಂದಾಗ ಮರ್ಯಾದೆ ಯಾರಿಗೆ ನೆನಪಿರುತ್ತದೆ? "ಮೂರೂ ಜನ ಡಾಕ್ಟ್ರು. ನಿಮ್ಮ ಕೈ ಬಿದ್ದುಹೋಗಿದೆ ಅಂತ ನೋಡೋಕೆ ಬಂದಿದಾರೆ!"

ಕಡತಪ್ಪನ ಕಣ್ಣ ಮುಂದೆ ಹಣ್ಣಿನ ಚೀಲ, ಹೆಂಡತಿಯ ಸೆರಗು, ಮೇಡಂ ಅವರ ಗದ್ಗದ ದನಿ ಎಲ್ಲ ಸಾಲಾಗಿ ಹಾದುಹೋದವು.

ಅಷ್ಟರಲ್ಲಿ ಕನ್ನಡಕದ ಕಿರಿಯ ವೈದ್ಯ ಪರದೆಗೆ ಮುಖ ಹತ್ತಿರ ತಂದು ಏನೋ ನೋಡುತ್ತಿದ್ದವನು ಒಮ್ಮೆಲೇ ಕೂಗಿದ. "ಸರ್, ಇದು ಕಾಯಿಲೆ ಅಲ್ಲ! ಇದು ಟಚ್‌ಪ್ಯಾಡ್ ಸನ್ನೆ! ಸೊನ್ನೆ ಸುತ್ತಿದ್ರೆ ಪ್ರಿಂಟ್, ನಾಲ್ಕು ಬೆರಳಿಗೆ ಓದೋದು. ಎಂಥಾ ತಲೆ ರೀ! ನಮ್ಮ ಆಸ್ಪತ್ರೇಲಿ ಇಂಥದ್ದೊಂದು ಇದ್ದಿದ್ರೆ ಎಷ್ಟು ಉಪಯೋಗ ಆಗ್ತಿತ್ತು! ಇದನ್ನ ನೀವೇ ಮಾಡಿದ್ದಾ?"

ಕಡತಪ್ಪನ ಜೀವಮಾನದಲ್ಲಿ, ಬಲ್ಲವನೊಬ್ಬ, ನಾಲ್ಕು ಜನರೆದುರು, "ಇದನ್ನು ನೀವೇ ಮಾಡಿದ್ದಾ?" ಎಂದು ಕೇಳಿದ್ದು ಅದೇ ಮೊದಲು. ಹೌದು ಎಂಬ ಉತ್ತರ ಒಂದು ತಿಂಗಳಿಂದ ತುಟಿಯ ಹಿಂದೆಯೇ ನಿಂತಿತ್ತು.

"ಹಾಗೇನಾದ್ರೂ ಆಗಿದ್ರೆ," ಎಂದರು ಹಿರಿಯರು ಮೀಸೆ ಮುಟ್ಟಿಕೊಂಡು, "ಇವರು ಆರೋಗ್ಯವಂತರು. ಆರೋಗ್ಯವಂತರಿಗೆ ಕಿಟಕಿ ಬರೆಯೋಕೆ ನಮಗೆ ಅಧಿಕಾರ ಇಲ್ಲ."

"ಆಗ ನಾನೇ ನಿರ್ಧಾರ ಮಾಡ್ತೀನಿ," ಎಂದರು ಮೇಡಂ, ಕೈಚೀಲವನ್ನು ಮೆಲ್ಲನೆ ತಟ್ಟುತ್ತ. ಆ ಚೀಲದಲ್ಲಿ ಅರ್ಜಿಯ ಕೊನೆಯ ವಾಕ್ಯವಿತ್ತು. ಟಪಾಲು ದಿಂಬನ್ನು ಸರಿಮಾಡಿದ.

"ಸರಿಯಾಗಿ ಹೇಳಿ," ಎಂದರು ಹಿರಿಯರು. "ಬೆರಳು ಹೀಗೆ ಆಡೋದು ನೀವು ಬೇಕೂಂತ ಮಾಡೋದಾ, ತಾನಾಗೇ ಆಗೋದಾ?"

ಕಡತಪ್ಪ ಕಿರಿಯ ವೈದ್ಯನ ಮುಖ ನೋಡಿದ. ಅಲ್ಲಿ ಅಪ್ಪಟ ಮೆಚ್ಚುಗೆ ಹೊಳೆಯುತ್ತಿತ್ತು. ಮೇಜಿನ ಮೇಲಿನ ಬಿಸಿಲು ನೋಡಿದ. ಅದು ಅವನ ಮೊಣಕೈಗೆ ಬಂದು ಮುಟ್ಟಿತ್ತು. ಬಿಸಿತುಪ್ಪ, ನುಂಗಲೂ ಆಗದು, ಉಗುಳಲೂ ಆಗದು. ಕೊನೆಗೆ ಕಣ್ಣುಮುಚ್ಚಿ ನುಂಗಿದ.

"ತಾನಾಗೇ ಆಗತ್ತೆ ಡಾಕ್ಟ್ರೇ," ಎಂದ. "ನನಗೆ ಕಂಪ್ಯೂಟರ್ ಗಂಧಗಾಳಿ ಇಲ್ಲ."

ಕಿರಿಯ ವೈದ್ಯನ ಮುಖ ಬಾಡಿತು. "ಹಾಗಾದ್ರೆ ಡ್ರೈವರ್ ಯಾರು ಮಾಡಿದ್ದು?"

"ಯಾರೋ ಪುಣ್ಯಾತ್ಮ," ಎಂದ ಕಡತಪ್ಪ. ಅವನು ಆ ತಿಂಗಳಲ್ಲಿ ಆಡಿದ ಒಂದೇ ಒಂದು ನಿಜ ಅದಾಗಿತ್ತು. ಅದನ್ನು ಹೇಳುವಾಗ ಅವನ ನಾಲ್ಕು ಬೆರಳೂ ಮೇಜಿನ ಮೇಲೆ ಭಯಂಕರವಾಗಿ ಕುಣಿಯುತ್ತಿದ್ದವು.

ಹಿರಿಯರು ಸಹಿ ಹಾಕಿದರು. ಪ್ರಮಾಣಪತ್ರದಲ್ಲಿ ಹೀಗೆ ಬರೆದಿತ್ತು: ಬೇನೆ ಇರುವವರೆಗೆ ಕಿಟಕಿ, ಆರು ತಿಂಗಳಿಗೊಮ್ಮೆ ಮರುಪರೀಕ್ಷೆ, ಗುಣವಾದರೆ ಮೊದಲಿನ ಜಾಗಕ್ಕೆ ವಾಪಸು.

ಲ್ಯಾಪ್‌ಟಾಪ್ ಮುಟ್ಟುವವರು ಒಬ್ಬರು ಬೇಕಲ್ಲ. ಎರಡೂ ಲ್ಯಾಪ್‌ಟಾಪನ್ನು ಟಪಾಲುವಿಗೇ ಕೊಟ್ಟರು. ದಾಖಲೆಗಳು ಕೆಳಗಿದ್ದುದರಿಂದ ಅವನನ್ನೂ ದಿಂಬಿನ ಸಮೇತ ಕೆಳಗೆ ಕಳಿಸಿದರು. ಒಂದು ವಾರದಲ್ಲಿ ಅವನು ಸೊನ್ನೆ ಸುತ್ತುವುದನ್ನು ಕಲಿತ. ಎರಡನೇ ವಾರ ಕಿರಿಯ ವೈದ್ಯ ಹುಡುಕಿಕೊಂಡು ಬಂದು ಡ್ರೈವರ್ ಕೇಳಿದಾಗ, "ಏನೋ ನನ್ನ ಕೈಲಾದಷ್ಟು ಸುಧಾರಿಸಿದೀನಿ," ಎಂದನಂತೆ. ಆಸ್ಪತ್ರೆಯವರು ಅವನನ್ನು ಕರೆಸಿ ಶಾಲು ಹೊದಿಸಿದರು. ಆ ಚಿತ್ರವನ್ನು ಕಚೇರಿಯ ಫಲಕದಲ್ಲಿ ಅಂಟಿಸಿದ ದಿನ ಕಡತಪ್ಪನ ಹೊಟ್ಟೆ ಎಷ್ಟು ಉರಿಯಿತೆಂದರೆ, ಅವನು ಬಿಸಿಲಿನಿಂದ ಕುರ್ಚಿಯನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಳ್ಳಬೇಕಾಯಿತು.

ಮನೆಯಲ್ಲಿ ಹೆಂಡತಿಗೆ ನಿಜ ಹೇಳಿದ. ಅವಳು ಅರ್ಧ ಗಂಟೆ ಬೈದು, ಅರ್ಧ ಗಂಟೆ ನಕ್ಕು, ಆಮೇಲೆ ಗಡಿಯಾರ ಹಿಡಿದು ಕೂತು ಅವನ ಬೆರಳ ನಡುಕಕ್ಕೆ ದಿನಾ ಹತ್ತು ನಿಮಿಷ ಅಭ್ಯಾಸ ಮಾಡಿಸತೊಡಗಿದಳು. ಮರುಪರೀಕ್ಷೆ ಎಂದರೆ ಆಟವಲ್ಲ, ಸುತ್ತಿಗೆಯವರ ಕಣ್ಣು ಬಲು ಚುರುಕು. ಅತ್ತೆ ಮಾತ್ರ ನಂಬಲಿಲ್ಲ. "ಮೂರು ಜನ ಡಾಕ್ಟ್ರು ಸಹಿ ಹಾಕಿದ ಮೇಲೆ ಚೆನ್ನಾಗಿದೀನಿ ಅಂತಾರಲ್ಲ, ತಲೆಗೂ ಏರಿದೆ," ಎಂದು ಅಡುಗೆಮನೆಯಲ್ಲಿ ಕಣ್ಣೀರು ಹಾಕಿದರು.

ಆರು ತಿಂಗಳು ಕಳೆದು ಮೊದಲ ಮರುಪರೀಕ್ಷೆ ಮುಗಿಯಿತು. ಆವತ್ತು ಕಡತಪ್ಪ ಎದೆಯುಬ್ಬಿಸಿ ಬೀದಿಯಲ್ಲಿ ಬರುತ್ತಿದ್ದ, ದಾರಿಯಲ್ಲಿ ಎದುರಾದವರ ಮುಖ ನೋಡಿ ನಗುತ್ತಿದ್ದ. ಔಷಧಿ ಅಂಗಡಿಯವರು ಗಲ್ಲಾದ ಹಿಂದಿನಿಂದಲೇ, ಕೈಗೆ ಸಿಗದಷ್ಟು ದೂರ ನಿಂತು, "ಡಾಕ್ಟ್ರು ಏನಂದ್ರು?" ಎಂದು ಕೇಳಿದರು.

ಕಡತಪ್ಪ ಎರಡೂ ಕೈ ಮೇಲೆತ್ತಿ ಆಕಾಶಕ್ಕೆ ಮುಗಿದ.

"ದೇವರು ದೊಡ್ಡವನು," ಎಂದ. "ಒಂದು ಚೂರೂ ಗುಣ ಆಗಿಲ್ವಂತೆ!"